ಮೂರು ಹೆಸರಿನಾಕಿ ಒಂದು ಹೆಸರಿಗೆ ಬರೂದು ಹೆಂಗ

ಎರಡು ಮದುವಿ ದಾಟಿ ಬಂದ ಹೆಣ್ಣಮಗಳ ಕೈಚೀಲ ಬಿಚ್ಚಿ ನೋಡ್ರಿ. ಸಾಲಿ ಸರ್ಟಿಫಿಕೇಟಿನ್ಯಾಗ ಒಂದು ಹೆಸರು, ಆಧಾರದಾಗ ಒಂದು, ಸಂಘದ ಪಾಸ್‌ಬುಕ್ಕಿನ್ಯಾಗ ಮತ್ತೊಂದು. ನಮ್ಮ ಕಡೆ ಭಾಳ ಮನ್ಯಾಗ ಮದುವ್ಯಾಗ ಹೆಣ್ಣಿನ ಹೆಸರು ಬದಲಿ ಮಾಡೂ ಪದ್ಧತಿ ಐತಿ. ತಾಟಿನ್ಯಾಗ ಅಕ್ಕಿ ಹರವಿ ಮದುಮಗ ಉಂಗುರಲೆ ಹೊಸ ಹೆಸರು ಬರೀತಾನ, ಮಂದಿಗೆ ಸಕ್ಕರಿ ಹಂಚತಾರ. ಆ ಅಕ್ಕಿ ಮರುದಿನ ಅನ್ನ ಆಗಿ ಮುಗದು ಹೋಗತೈತಿ, ಹೆಸರು ಮಾತ್ರ ಉಳಿತೈತಿ.

ನಾನು ಹುಟ್ಟಿದ್ದು ಗುಳೇದಗುಡ್ಡದ ನೇಕಾರರ ಮನ್ಯಾಗ, ಶಾಂತವ್ವ ಅಂತ. ಗೋಕಾಕ ಕಡೆ ಕೊಟ್ಟಾಗ ಸುಮಿತ್ರಾ ಆದೆ. ಅದು ಮುರಿದ ಮ್ಯಾಲ ಮುದ್ದೇಬಿಹಾಳ ತಾಲೂಕಿನ ಒಂದು ಹಳ್ಳಿಗೆ ಉಡಿಕಿ, ಅಂದ್ರ ಎರಡನೇ ಮದುವಿ, ಮಾಡಿ ಕೊಟ್ಟರು. ಉಡಿಕಿಗೆ ಅಕ್ಕಿ ಇಲ್ಲ, ಸಕ್ಕರಿ ಇಲ್ಲ. ಅಂವನ ಮೊದಲನೇ ಹೆಂಡತಿ ತೀರಿಕೊಂಡಿದ್ದಳು, ಆಕಿ ಹೆಸರು ಭಾಗ್ಯಶ್ರೀ. ರೇಷನ್ ಕಾರ್ಡಿನ್ಯಾಗ ಆ ಹೆಸರು ಇನ್ನೂ ಇತ್ತು, ರೇಷನ್ ಅಂಗಡ್ಯಾಗ ಬೆರಳು ಒತ್ತೂ ಮಷೀನ ಆಗಿನ್ನೂ ಬಂದಿರಲಿಲ್ಲ. ಬದಲಿ ಮಾಡೂ ತ್ರಾಸ ಯಾಕ ಅಂತ ಅತ್ತಿ ನನಗ ಅದ ಹೆಸರು ಇಟ್ಟಳು. ಸತ್ತಾಕಿ ಹೆಸರಿನ ಮ್ಯಾಲ ನಾನು ಅಕ್ಕಿ, ಗೋದಿ, ಚಿಮಣಿ ಎಣ್ಣಿ ತಂದೆ.

ಈಗ ಬಾಗಲಕೋಟಿ ನವನಗರದಾಗ ಜಂಪರ ಹೊಲಿತೀನಿ. ಅಳತಿ ಕೊಡಾಕ ಬಂದವರು ಟೇಪು ಮೈಮ್ಯಾಲ ಇದ್ದಾಗ ಮಾತು ತಗೀತಾರ, ಅದು ಯಾಕೋ ಗೊತ್ತಿಲ್ಲ. ಅವರಿಗೆ ಹೇಳಿ ಹೇಳಿ ರೂಢಿ ಆಗೇತಿ, ಅದನ್ನ ಇಲ್ಲಿ ಬರದಿಟ್ಟೇನಿ. ಇದು ನಮ್ಮಂಥವರಿಗೆ, ಅಂದ್ರ ಮದುವ್ಯಾಗ ತಮ್ಮ ಹೆಸರನ್ನೂ ಮಾತನ್ನೂ ಎಲ್ಲೋ ಬಿಟ್ಟು ಬಂದು ಈಗ ತಿರುಗಿ ತಗೊಳ್ಳಾಕ ಹೊಂಟವರಿಗೆ.

ಒಂದು ಮಾತು ಮೊದಲ. ಈಗ, ಇವತ್ತ, ಮನ್ಯಾಗ ಹೊಡತ ನಡದಿದ್ರ ಈ ಬರಹ ಆಮ್ಯಾಲ ಓದ್ರಿ. 112 ಪೊಲೀಸರದು, 181 ಹೆಣ್ಣಮಕ್ಕಳ ಸಹಾಯವಾಣಿ. ಜಿಲ್ಲಾಕ್ಕೊಂದು ಸಖಿ ಕೇಂದ್ರ ಇರತೈತಿ, ಅಲ್ಲಿ ತಾತ್ಪೂರ್ತಿ ಇರಾಕ ಜಾಗಾ, ದವಾಖಾನಿ, ಪೊಲೀಸ್, ವಕೀಲರ ಸಹಾಯ ಎಲ್ಲಾ ಒಂದ ಕಡೆ ಸಿಗತೈತಿ.

ಹೆಸರಿಗಿಂತ ಮೊದಲ ಫೋನ್ ನಂಬರ

ನಿಮ್ಮ ಆಧಾರಕ್ಕ ಯಾರ ಫೋನ್ ನಂಬರ ಜೋಡಿಸೇತಿ? ಹತ್ತರಾಗ ಎಂಟು ಮಂದಿ "ನಮ್ಮ ಮನಿಯವರದು" ಅಂತಾರ. ಹಂಗಂದ್ರ ನೀವು ಏನ ಅರ್ಜಿ ಹಾಕ್ರಿ, ಒಟಿಪಿ ಅಂವನ ಕಿಸೆದಾಗ ಗುಂಯ್ ಅಂತೈತಿ. ಬ್ಯಾಂಕಿನ್ಯಾಗ ರೊಕ್ಕ ತಗದ್ರ ಮೆಸೇಜ ಅಂವಗ. ಅದಕ್ಕ ಮೊದಲ ಕೆಲಸ ಅಂದ್ರ ನಿಮ್ಮ ಹೆಸರಿಲೆ ಒಂದು ಸಿಮ್, ಆಮ್ಯಾಲ ಆಧಾರ ಕೇಂದ್ರಕ್ಕ ಹೋಗಿ ನಂಬರ ಬದಲಿ. ನಂಬರ ಬದಲಿಗೆ ಬೇರೆ ಕಾಗದಪತ್ರ ಕೇಳೂದಿಲ್ಲ, ನಿಮ್ಮ ಬೆರಳು ಸಾಕು.

ಆಮ್ಯಾಲ ಬ್ಯಾಂಕು. ಗಂಡನ ಮನಿಯವರ ಓಡಾಟ ಇರದ ಬ್ಯಾಂಕಿನ್ಯಾಗ ಒಂದು ಖಾತೆ ತಗೀರಿ. ಅಷ್ಟಕ್ಕ ಬಿಡಬ್ಯಾಡ್ರಿ. ಸರಕಾರದ ರೊಕ್ಕ (ಡಿಬಿಟಿ ಅಂತಾರ) ಖಾತೆ ನಂಬರ ನೋಡಿ ಬರೂದಿಲ್ಲ, ಆಧಾರ ಕಡೀಕ ಯಾವ ಖಾತೆಗೆ ಜೋಡಣಿ ಆಗೇತಿ ಅದಕ್ಕ ಹೋಗತೈತಿ. ಹೊಸ ಬ್ಯಾಂಕಿನ್ಯಾಗ "ಆಧಾರ ಸೀಡಿಂಗ್ ಮಾಡ್ರಿ, ಡಿಬಿಟಿ ಇದಕ್ಕ ಬರಬೇಕು" ಅಂತ ಬಾಯಿಬಿಟ್ಟು ಕೇಳ್ರಿ. ಖಾತೆ ತಗದಾಕ್ಷಣ ತಾನ ಆಗಿರತೈತಿ ಅಂತ ತಿಳ್ಕೊಬ್ಯಾಡ್ರಿ. ಒಂದು ಬ್ಯಾಂಕಿನ್ಯಾಗ ಕೌಂಟರಿನಾಂವ ನನಗ "ಯಜಮಾನರನ್ನ ಕರಕೊಂಡು ಬರ್ರಿ" ಅಂದ. ಖಾತೆ ತಗಿಯಾಕ ಯಜಮಾನ ಬೇಕು ಅನ್ನೂ ಕಾನೂನು ಯಾವ ಬ್ಯಾಂಕಿನ್ಯಾಗೂ ಇಲ್ಲ. "ಅದನ್ನ ಬರದು ಕೊಡ್ರಿ" ಅಂದೆ. ಬರದು ಕೊಡಲಿಲ್ಲ, ಫಾರ್ಮ್ ಕೊಟ್ಟ.

ರೇಷನ್ ಕಾರ್ಡು ಎಲ್ಲಕ್ಕಿಂತ ತಡಾ. ಗಂಡನ ಮನಿ ಕಾರ್ಡಿನ್ಯಾಗಿಂದ ಹೆಸರು ತಗಸಬೇಕು, ಆಮ್ಯಾಲ ಹೊಸಾದು ಅಥವಾ ತವರಿನ ಕಾರ್ಡಿಗೆ ಸೇರಸೂದು. ಹೊಸ ಅರ್ಜಿ ವರ್ಷ ತುಂಬ ತಗೊಳ್ಳೂದಿಲ್ಲ, ಆಗೀಗ ತಗೀತಾರ. ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರದಾಗ ಕೇಳಕೋತ ಇರ್ರಿ. 2023ರ ಆಗಸ್ಟಿನಿಂದ ಬರೂ ಗೃಹಲಕ್ಷ್ಮಿಯ ತಿಂಗಳ 2000 ರೂಪಾಯಿ ಕಾರ್ಡಿನ್ಯಾಗ ಯಜಮಾನಿ ಅಂತ ಇದ್ದಾಕಿಗೆ, ಅಂದ್ರ ಭಾಳ ಮನ್ಯಾಗ ಅತ್ತಿಗೆ. ಅದರ ಸಲುವಾಗಿ ಜಗಳಾ ತಗೀಬ್ಯಾಡ್ರಿ. ನಿಮ್ಮದ ಕಾರ್ಡು ಆದ ದಿನ ನೀವ ಯಜಮಾನಿ.

ಯಾವ ಹೆಸರು ಇಟ್ಟುಕೊಳ್ಳೂದು

ಇದಕ್ಕ ನನ್ನ ಉತ್ತರ ಒಂದ: ಬದಲಿ ಮಾಡಾಕ ಭಾಳ ಕಷ್ಟ ಇರೂ ಕಾಗದದಾಗ ಯಾವ ಹೆಸರು ಐತಿ ಅದು. ಸಾಲಿ ಕಲಿತವರಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇಲ್ಲಾ ಸಾಲಿ ಬಿಟ್ಟ ಸರ್ಟಿಫಿಕೇಟು. ಆ ಹೆಸರಿಗೆ ಉಳದದ್ದನ್ನೆಲ್ಲ ಎಳಕೊಂಡು ಬರ್ರಿ. ಸಾಲಿ ಮುಖ ನೋಡದಾಕಿ ಆಗಿದ್ರ ಹೊಲ-ಮನಿ ಉತಾರದಾಗ ಹೆಸರು ಐತೇನ ನೋಡ್ರಿ, ಅದೂ ಇಲ್ಲಾಂದ್ರ ಆಧಾರದಾಗಿನ ಹೆಸರ ಇರಲಿ.

ಆಧಾರದಾಗ ಹೆಸರು ಜೀವಮಾನದಾಗ ಎರಡ ಸಲ ಬದಲಿಸಾಕ ಬಿಡತಾರ. ಅದನ್ನ ಲಗ್ನಕ್ಕೊಮ್ಮೆ, ಬಿಟ್ಟು ಬಂದಾಗೊಮ್ಮೆ ಖರ್ಚು ಮಾಡಿದವರು ಅದಾರ. ಒಂದೆರಡು ಅಕ್ಷರ ತಿದ್ದೂದು ಸಸಾರ. ಹೆಸರ ಪೂರಾ ಬ್ಯಾರೆ ಆದ್ರ ರಾಜ್ಯಪತ್ರದಾಗ ಅಚ್ಚಾದದ್ದು ತೋರಸ್ರಿ ಅಂತಾರ, ಅದಕ್ಕ ಪ್ರಮಾಣಪತ್ರ, ಪೇಪರಿನ್ಯಾಗ ಜಾಹೀರಾತು ಅಂತ ಒಂದಷ್ಟು ಓಡಾಟ ಐತಿ. ಬಿಡುಗಡಿ ಆದದ್ದಕ್ಕ ಕೋರ್ಟಿನ ಡಿಕ್ರಿ, ಅಂದ್ರ ಆದೇಶ, ಇದ್ದವರು ಅದನ್ನ ಕೈಯಾಗ ಹಿಡಕೊಂಡು ಹೋಗ್ರಿ, ಕೆಲಸ ಹಗುರ ಆಗತೈತಿ. ಮತದಾರ ಪಟ್ಟಿಗೆ ಫಾರ್ಮ್ 8. ಅದರಾಗ ಗಂಡನ ಹೆಸರ ಬರೀಬೇಕು ಅಂತಿಲ್ಲ, ಅಪ್ಪಂದು ನಡೀತೈತಿ, ಅವ್ವಂದೂ ನಡೀತೈತಿ. ಪ್ಯಾನ್ ಕಾರ್ಡಿನ್ಯಾಗಂತೂ ಗಂಡನ ಹೆಸರಿಗೆ ಜಾಗಾನ ಇಲ್ಲ, ಮದುವಿ ಎಷ್ಟರೆ ಆಗ್ರಿ. ಎಲ್ಲಾ ಕಾಗದದಾಗ ನನಗ ಅದ ಲಾಡದ್ದು.

ಫಾರ್ಮಿನ್ಯಾಗ "ಉದ್ಯೋಗ" ಅನ್ನೂ ಕಡೆ ಏಜೆಂಟ ನಿಮ್ಮನ್ನ ಕೇಳದ "ಮನೆಗೆಲಸ" ಅಂತ ಟೈಪ್ ಮಾಡಿರತಾನ. ಹೊಲಿಗಿ, ರೊಟ್ಟಿ ವ್ಯಾಪಾರ, ಕೂಲಿ, ನೇಯ್ಗಿ, ಏನ ಮಾಡತೀರಿ ಅದನ್ನ ಹಾಕಸ್ರಿ. ಸಹಿ ಮಾಡೂಕಿಂತ ಮೊದಲ ಪರದೆ ನಿಮ್ಮ ಕಡೆ ತಿರಗಸಿ ಓದ್ರಿ.

ನೋಟ್‌ಬುಕ್ಕು

ಇದು ಎಲ್ಲಕ್ಕಿಂತ ದೊಡ್ಡ ಕೆಲಸ. ವಕೀಲರ ಕಡೆ ಹೋಗೂ ಮೊದಲ, ಹಿರ್ಯಾರ ಮುಂದ ಕೂಡೂ ಮೊದಲ, ಅಣ್ಣ-ತಮ್ಮರಿಗೆ ಹೇಳೂ ಮೊದಲ ಇದನ್ನ ಮಾಡ್ರಿ. ಯಾಕಂದ್ರ ನಿಮ್ಮ ಕತಿ ಒಮ್ಮೆ ಬ್ಯಾರೆಯವರ ಬಾಯಿಗೆ ಬಿತ್ತಂದ್ರ ಅದು ಅವರ ಕತಿ. ಅಪ್ಪ ಹೇಳಿದ್ರ ಅದರಾಗ ಅಪ್ಪನ ಮರ್ಯಾದಿ ಇರತೈತಿ. ವಕೀಲರು ಬರದ್ರ ಹಿಂದಿನ ಕೇಸಿನ ಹೆಣ್ಣಮಗಳ ಕಷ್ಟ ನಿಮ್ಮ ಅರ್ಜ್ಯಾಗ ಬಂದು ಕುಂತಿರತೈತಿ.

ಎರಡು ನೂರು ಪುಟದ ನೋಟ್‌ಬುಕ್ಕು ತಗೊಳ್ರಿ. ಎಡಗಡೆ ಪುಟದಾಗ ಏನ ಆತು ಅನ್ನೂದು, ಬಲಗಡೆ ಪುಟದಾಗ ಅದನ್ನ ಯಾರು ನೋಡಿದ್ರು, ಅದಕ್ಕ ಕಾಗದ ಏನ ಐತಿ ಅನ್ನೂದು. ನೋಟ್‌ಬುಕ್ಕು ಮನ್ಯಾಗ ಇಡಬ್ಯಾಡ್ರಿ. ನಿಮ್ಮನ್ನ ನಂಬೂ ಒಬ್ಬ ಗೆಳತಿ, ಅಂಗನವಾಡಿ ಟೀಚರು, ಅಂಥವರ ಕಡೆ ಇಡ್ರಿ. ಪುಟದ ಫೋಟೋ ತಗದು ಅವರಿಗ ಕಳಿಸಿ ನಿಮ್ಮ ಫೋನಿನ್ಯಾಗಿಂದ ಅಳಸ್ರಿ.

"ನನಗ ತಾರೀಖು ನೆನಪಿಲ್ಲ" ಅಂತಾರ ಎಲ್ಲಾರೂ. ತಾರೀಖು ಯಾರಿಗೂ ನೆನಪಿರೂದಿಲ್ಲ, ಹಬ್ಬ ನೆನಪಿರತಾವ. ಕಾರ ಹುಣ್ಣಿವಿ ಮುಂಜೇಲಿ ಬಿದ್ದ ಹೊಡತ, ಬನಶಂಕರಿ ಜಾತ್ರಿಗೆ ಹೋಗಿ ಬಂದ ರಾತ್ರಿ ನಡದ ಜಗಳ, ಎಳ್ಳಮವಾಸಿಗೆ ಹೊಲದಾಗ ಚರಗಾ ಚೆಲ್ಲೂ ಮುಂದ ಆಡಿದ ಮಾತು. ಹಬ್ಬ ಬರೀರಿ, ಯಾವ ವರ್ಷ ಅನ್ನೂದು ಮಗಳು ಎಷ್ಟನೇತ್ತ ಇದ್ದಳು ಅನ್ನೂದರ ಮ್ಯಾಲಿಂದ ತಗೀರಿ. ಆಮ್ಯಾಲ ಹಳೆ ಕ್ಯಾಲೆಂಡರ ಇಲ್ಲಾ ಫೋನಿನ್ಯಾಗ ನೋಡಿ ತಾರೀಖು ಕೂಡಸ್ರಿ. ಕೋರ್ಟಿನ್ಯಾಗ "ಅವಾಗವಾಗ ಹೊಡೀತಿದ್ದ" ಅನ್ನೂದಕ್ಕ ಬೆಲಿ ಕಡಿಮಿ. "ನಾಗರ ಪಂಚಮಿ ಹಿಂದಿನ ದಿನ" ಅನ್ನೂದಕ್ಕ ಬೆಲಿ ಐತಿ.

ನನ್ನ ನೋಟ್‌ಬುಕ್ಕಿನ್ಯಾಗಿಂದ ಒಂದು ಪುಟ ಇದ್ದದ್ದು ಇದ್ದಂಗ ಕೊಡತೀನಿ:

"ಪಂಚಮಿ ಹಿಂದಿನ ದಿನ, ಅಳ್ಳು ಹುರಿಯೂ ಹೊತ್ತು. ತವರಿಗೆ ಕಳಸ್ರಿ ಅಂತ ಕೇಳಿದೆ. ಅತ್ತಿ ಕಸಬರಿಗಿ ಒಗದಳು. ಅಂವ ಕುಡದು ಬಂದಿದ್ದ, ಕೆನ್ನಿಗೆ ಹೊಡದ, ಎಡಗಿವಿ ಓಲಿ ಹರೀತು. ನಾನು ಅಳಲಿಲ್ಲ. ಅಳ್ಳಿನ ಪುಟ್ಟಿ ಒಳಗ ಇಟ್ಟು ಬಾಗಲಾ ಹಾಕ್ಕೊಂಡೆ. ಹೊರಗಿಂದ ಬಡದ್ರು, ತಗೀಲಿಲ್ಲ." ಬಲಗಡೆ: "ನೆಗೆಣ್ಣಿ ಅಡಗಿಮನ್ಯಾಗ ಇದ್ದಳು. ಮರುದಿನ ಸರಕಾರಿ ದವಾಖಾನಿ ಚೀಟಿ. ಓಲಿ ಡಬ್ಬ್ಯಾಗ ಐತಿ."

ಇದರಾಗ ನೋಡಬೇಕಾದದ್ದು "ನಾನು". ಮೊದಲ ಸಲ ಬರದಾಗ ಪುಟದ ತುಂಬ ಅಂವ ಹಂಗಂದ, ಅಂವ ಹಿಂಗ ಮಾಡಿದ ಅಂತ ಬಂತು, ಓದಿದ್ರ ಅದು ಅಂವನ ಜೀವನ ಚರಿತ್ರಿ ಆಗಿತ್ತು. ಅದಕ್ಕ ಪ್ರತಿ ಘಟನೆಗೂ ನೀವು ಏನ ಕೇಳಿದ್ರಿ, ಏನ ಅಂದ್ರಿ, ಏನ ಮಾಡಿದ್ರಿ ಅಂತ ಒಂದು ಸಾಲು ಇರಲೇಬೇಕು. ಏನೂ ಅನ್ನಲಿಲ್ಲ ಅಂದ್ರ "ಏನೂ ಅನ್ನಲಿಲ್ಲ" ಅಂತ ಬರೀರಿ. ಪುಸ್ತಕದ ಕನ್ನಡ ಬ್ಯಾಡ, ಬಾಯಾಗ ಬಂದದ್ದ ಬರೀರಿ. ಬರಿಯಾಕ ಬರದವರು ಫೋನಿನ್ಯಾಗ ಮಾತಾಡಿ ರೆಕಾರ್ಡ್ ಮಾಡ್ರಿ.

ಎರಡನೇ ಮದುವಿ ಬರಿಯೂದು ನನಗ ಭಾಳ ತ್ರಾಸ ಆತು, ಯಾಕಂದ್ರ ಅಲ್ಲಿ ಯಾರೂ ಕೈ ಎತ್ತಲಿಲ್ಲ. ಗಾಯ ಇಲ್ಲದ್ದನ್ನ ಹೆಂಗ ಬರಿಯೂದು? ಲೆಕ್ಕದಾಗ ಬರೀರಿ. ಹೊಲಿಗಿ ರೊಕ್ಕ ಯಾರ ಕೈಗೆ ಹೋಗತಿತ್ತು. ಟ್ರಂಕಿನ ಕೀಲಿ ಯಾರ ಕಡೆ. ಊಟಕ್ಕ ಯಾರ ಆದಮ್ಯಾಲ ಯಾರು ಕೂಡತಿದ್ರು, ನನ್ನ ಪಾಳಿ ಬಂದಾಗ ಪಲ್ಯ ಉಳದಿತ್ತೋ ಇಲ್ಲೋ. ತಿಂಗಳಗಟ್ಲೆ ಅಂವ ನನ್ನ ಜೋಡಿ ಮಾತಾಡದ, ಮಕ್ಕಳ ಕಡೆಯಿಂದ ಹೇಳಿಕಳಿಸಿದ್ದು. ಆ ಮಕ್ಕಳು ಒಳ್ಳೇವರು, ಅದೂ ನೋಟ್‌ಬುಕ್ಕಿನ್ಯಾಗ ಐತಿ. 2005ರ ಕೌಟುಂಬಿಕ ಹಿಂಸಾಚಾರ ಕಾಯ್ದಿ ಬರೇ ಹೊಡತಕ್ಕಲ್ಲ. ಬೈಗಳ, ಅವಮಾನ, ದುಡದ ರೊಕ್ಕ ಕಸಕೊಳ್ಳೂದು, ಖರ್ಚಿಗೆ ಕೊಡದ ಇರೂದು ಎಲ್ಲಾ ಅದರ ಒಳಗ ಬರತಾವ.

ದವಾಖಾನ್ಯಾಗ ಡಾಕ್ಟರು ನೀವು ಹೇಳಿದ್ದನ್ನ ಬರಕೋತಾರ. ಅತ್ತಿ ಮಗ್ಗಲದಾಗ ನಿಂತಿದ್ದಳು ಅಂತ "ಬಚ್ಚಲದಾಗ ಜಾರಿ ಬಿದ್ದೆ" ಅಂದ್ರ ಚೀಟ್ಯಾಗ ಬಚ್ಚಲ ಉಳಿತೈತಿ. "ಇವರನ್ನ ಹೊರಗ ಕಳಸ್ರಿ, ಒಬ್ಬಾಕಿನ ಮಾತಾಡಬೇಕು" ಅಂತ ನರ್ಸ್‌ಗೆ ಹೇಳ್ರಿ. ವಾಟ್ಸಾಪಿನ್ಯಾಗ ಬಂದ ಧಮಕಿ ವಾಯ್ಸ್ ಇದ್ರ ಆ ಫೋನ್ ಮಾರಬ್ಯಾಡ್ರಿ, ಒಡದಿದ್ರೂ ಇಟ್ಟಿರ್ರಿ.

ಹಿರ್ಯಾರ ಮುಂದ

ಕೋರ್ಟಿಗೆ ಹೋಗೂ ಮೊದಲ ಪಂಚಾಯ್ತಿ ಬಂದ ಬರತೈತಿ, ತಪ್ಪಿಸಿಕೊಳ್ಳಾಕ ಆಗೂದಿಲ್ಲ. ನಾನೂ ಎರಡೂ ಸಲ ಕುಂತೇನಿ. ಕುಂತೇನಿ ಅನ್ನೂದಕ್ಕಿಂತ ಮೊದಲನೇ ಸಲ ಬಾಗಲಾ ಹಿಂದ ನಿಂತಿದ್ದೆ. ಪಡಸಾಲ್ಯಾಗ ಜಮಖಾನಿ ಹಾಸಿತ್ತು, ಹಿರ್ಯಾರು ಎಲಿ ಅಡಕಿ ಹಾಕ್ಕೊಂಡು ನಮ್ಮ ಅಪ್ಪನ್ನ ಕೇಳತಿದ್ರು: "ಏನಂತಾಳಪಾ ನಿನ್ನ ಮಗಳು?" ನಾನು ಅಲ್ಲೇ ಇದ್ದೆ, ಅವರ ಚಪ್ಪಲಿ ನನ್ನ ಕಾಲ ಹಂತ್ಯಾಕ ಇದ್ದವು. ಅಪ್ಪ ಅಂದ, "ಏನಂದಾಳ್ರಿ, ನೀವು ಹೇಳಿದಂಗ."

ಎರಡನೇ ಸಲ ಜಮಖಾನಿ ಮ್ಯಾಲ ಕುಂತೆ. ಮಾಡೂದು ಇಷ್ಟ: ಮಂದಿ ಕೂಡೂಕಿಂತ ಮೊದಲ ನೀವು ಹೋಗಿ ಕೂಡ್ರಿ, ಆಮ್ಯಾಲ ಎಬ್ಬಿಸಾಕ ಯಾರಿಗೂ ಬಾಯಿ ಬರೂದಿಲ್ಲ. ಜೋಡಿ ಒಬ್ಬ ಹೆಣ್ಣಮಗಳು ಇರಲಿ, ಅವ್ವಕ್ಕಿಂತ ಅತ್ತಿಗೆಮ್ಮ ಇಲ್ಲಾ ಸಂಘದ ಅಕ್ಕಾರು ಚಲೋ. ಅವ್ವ ಅಳತಾಳ, ಆಕಿ ಅತ್ರ ಮಾತು ಅಲ್ಲಿಗೆ ಮುಗೀತು. ಏನ ಹೇಳಬೇಕು ಅನ್ನೂದನ್ನ ಮನ್ಯಾಗ ಜೋರಾಗಿ ಹೇಳಿ ರೂಢಿ ಮಾಡ್ರಿ: ನಾನು ಹೊಳ್ಳಿ ಹೋಗೂದಿಲ್ಲ. ನನ್ನ ಬಂಗಾರ, ಬಾಂಡೆ, ಮಷೀನ ಬೇಕು. ಮಗಳಿಗ ತಿಂಗಳಾ ಇಷ್ಟು ಖರ್ಚು. ಮೂರು ಮಾತು ಸಾಕು. "ಯಾಕ ಹೋಗೂದಿಲ್ಲ" ಅಂತ ಹತ್ತು ಸಲ ಕೇಳತಾರ, ಪ್ರತಿ ಸಲ ಹೊಸ ಕಾರಣ ಕೊಟ್ರ ಒಂದರಾಗ ಸಿಗತೀರಿ. ಅದ ಮಾತು ಅದ ಅಕ್ಷರದಾಗ ಹೇಳ್ರಿ.

ಬಂಗಾರದ ವಿಷಯಕ್ಕ ಒಂದು ಮಾತು. ತವರಿನವರು, ಗಂಡನ ಮನಿಯವರು, ಬೀಗರು ಯಾರ ಕೊಟ್ಟಿರಲಿ, ನಿಮಗಂತ ಕೊಟ್ಟದ್ದು ನಿಮ್ಮದು. 1985ರ ನಿಯಮದ ಪ್ರಕಾರ ಲಗ್ನದಾಗ ಬಂದ ಉಡುಗೊರಿ ಯಾದಿ ಬರದು ಸಹಿ ಮಾಡಿಡಬೇಕು. ನಮ್ಮ ಕಡೆ ಲಗ್ನದ ಯಾದಿ ಬರೀತಾರ, ಅದು ಗಂಡಿನವರ ಕಡೆ ಇರತೈತಿ. ಯಾದಿ ಇಲ್ಲಾಂದ್ರ ಲಗ್ನದ ಫೋಟೋ ತಗೀರಿ. ಬೋರಮಾಳ, ಪಾಟ್ಲಿ, ಬಿಲ್ವಾರ ಎಲ್ಲಾ ಫೋಟೋದಾಗ ಕಾಣತಾವ. ಬಾಂಡೆ ಮ್ಯಾಲ ಹಾಕಿಸಿದ ಹೆಸರೂ ಸಾಕ್ಷಿ.

ಖಾಲಿ ಬಾಂಡಿನ ಮ್ಯಾಲ ಸಹಿ ಮಾಡಬ್ಯಾಡ್ರಿ. ಬರದ ಬಾಂಡಿದ್ರ ಒಬ್ಬರು ಜೋರಾಗಿ ಓದಲಿ, ಒಂದು ಪ್ರತಿ ನಿಮ್ಮ ಕೈಯಾಗ ಬರಲಿ.

ಸೋಡಚೀಟಿ

ಮೊದಲನೇ ಮದುವಿ ಮುರದಾಗ ಹಿರ್ಯಾರು ಬಾಂಡ್ ಪೇಪರಿನ ಮ್ಯಾಲ ಸೋಡಚೀಟಿ, ಅಂದ್ರ ಬಿಡುಗಡಿ ಪತ್ರ, ಬರಸಿದ್ರು. ಇಬ್ಬರ ಸಹಿ, ಪಂಚರ ಸಹಿ, ನೋಟರಿ ಶಿಕ್ಕಾ. ಎಲ್ಲಾರೂ "ಆತು, ಬಿಡುಗಡಿ" ಅಂದ್ರು. ಅದರ ಮ್ಯಾಲ ನನ್ನ ಉಡಿಕಿ ಆತು. ವರ್ಷಗಟ್ಲೆ ಆದಮ್ಯಾಲ ಎರಡನೇ ಗಂಡನ ಮ್ಯಾಲ ಪೋಟಗಿ, ಅಂದ್ರ ಜೀವನಾಂಶ, ಕೇಳಿದ್ರ ಅವರ ಕಡೆ ವಕೀಲರು ಎದ್ದು ನಿಂತು ಅಂದದ್ದು: ಈಕಿ ಮೊದಲನೇ ಮದುವಿ ಕಾನೂನು ಪ್ರಕಾರ ಮುರದಿಲ್ಲ, ಹಂಗಾಗಿ ನಮ್ಮದು ಮದುವೀನ ಅಲ್ಲ. ಹದಿನಾರಾಣೆ ಮದುವಿ ಅಂತ ರೊಟ್ಟಿ ಬಡಿಸಿಕೊಂಡವರು, ಪೋಟಗಿ ಅಂದಕೂಡಲೇ ಹಿಂಗ.

ನಿಯಮ ಹಿಂಗೈತಿ. 1955ರ ಹಿಂದೂ ವಿವಾಹ ಕಾಯ್ದಿ ಕೋರ್ಟಿನ ಡಿಕ್ರಿ ಕೇಳತೈತಿ. ಜಾತ್ಯಾಗ ಹಳೇ ರೂಢಿ ಪ್ರಕಾರ ಆದ ಬಿಡುಗಡೆಗೆ 29ನೇ ಕಲಮಿನ್ಯಾಗ ಜಾಗಾ ಐತಿ, ಖರೆ. ಆದ್ರ ಅಂಥಾ ರೂಢಿ ನಮ್ಮ ಜಾತ್ಯಾಗ ಮೊದಲಿನಿಂದ ನಡಕೋತ ಬಂದೈತಿ ಅಂತ ಸಾಕ್ಷಿ ಹಾಕಿ ತೋರಸಬೇಕು, ನೋಟರಿ ಶಿಕ್ಕಾದಿಂದ ಅದು ಆಗೂದಿಲ್ಲ. ಅದಕ್ಕ ಇಬ್ಬರಿಗೂ ಒಪ್ಪಿಗಿ ಇದ್ರ ಬಾಂಡ್ ಬಿಡ್ರಿ, 13ಬಿ ಕಲಮಿನ ಕೆಳಗ ಕೂಡಿ ಅರ್ಜಿ ಹಾಕ್ರಿ. ಒಂದು ವರ್ಷ ಬ್ಯಾರೆ ಇದ್ದಿರಬೇಕು, ಅರ್ಜಿ ಹಾಕಿದ ಮ್ಯಾಲ ಆರು ತಿಂಗಳ ಕಾಯಬೇಕು. ಆ ಆರು ತಿಂಗಳನ್ನ ಕೋರ್ಟ್ ಮನಸ್ಸು ಮಾಡಿದ್ರ ಬಿಡಬಹುದು ಅಂತ ಸುಪ್ರೀಂ ಕೋರ್ಟ್ 2017ರಾಗ ಹೇಳೇತಿ.

ಈಗಾಗಲೇ ನನ್ನಂಗ ಸೋಡಚೀಟಿ ಮ್ಯಾಲ ಉಡಿಕಿ ಆದವರು ಎದಿ ಒಡಕೋಬ್ಯಾಡ್ರಿ. 2025ರ ಜನವರಿಯೊಳಗ ಸುಪ್ರೀಂ ಕೋರ್ಟಿನ ಮುಂದ ಇಂಥದ್ದ ಒಂದು ಪ್ರಕರಣ ಬಂತು. ಹೆಣ್ಣಮಗಳ ಮೊದಲನೇ ಮದುವಿ ಬರೇ ಒಪ್ಪಂದ ಪತ್ರದ ಮ್ಯಾಲ ಮುರದಿತ್ತು, ಡಿಕ್ರಿ ಇರಲಿಲ್ಲ, ಎರಡನೇ ಗಂಡಗ ಅದು ಗೊತ್ತಿತ್ತು. ಆದ್ರೂ ಆಕಿಗೆ ಎರಡನೇ ಗಂಡ ಪೋಟಗಿ ಕೊಡಬೇಕು ಅಂತ ಕೋರ್ಟ್ ಹೇಳಿತು. ನಿಮ್ಮ ವಕೀಲರಿಗೆ ಈ ತೀರ್ಪು ಹುಡುಕ್ರಿ ಅಂತ ಹೇಳ್ರಿ. ಹಿಂಸಾಚಾರ ಕಾಯ್ದ್ಯಾಗೂ ಮದುವಿ ಹಂಗ ಸಂಸಾರ ಮಾಡಿದವರು ಅರ್ಜಿ ಹಾಕಾಕ ಬರತೈತಿ.

ವಕೀಲರು, ಕೋರ್ಟು, ತಾರೀಖು

ಹೆಣ್ಣಮಕ್ಕಳಿಗೆ ಆದಾಯ ಎಷ್ಟ ಇರಲಿ ಸರಕಾರದ ಖರ್ಚಿನ್ಯಾಗ ವಕೀಲರು ಸಿಗತಾರ, 1987ರ ಕಾನೂನು ಸೇವೆಗಳ ಕಾಯ್ದಿ. ಜಿಲ್ಲಾ ಕೋರ್ಟಿನ ಆವರಣದಾಗ ಕಾನೂನು ಸೇವಾ ಪ್ರಾಧಿಕಾರದ ಆಫೀಸು ಇರತೈತಿ, ತಾಲೂಕು ಕೋರ್ಟಿನ್ಯಾಗ ಸಮಿತಿ. ಫೋನ್ 15100. ನಮ್ಮ ನವನಗರದಾಗ ಜಿಲ್ಲಾ ಕೋರ್ಟು ಎಲ್ಲಿ ಅಂದ್ರ ಯಾವ ಆಟೋದವರೂ ಬಿಡತಾರ.

ಹಿಂಸಾಚಾರ ಕಾಯ್ದಿ ಅರ್ಜಿಗೆ ಸಿಡಿಪಿಒ ಆಫೀಸಿಗೆ ಹೋಗ್ರಿ. ಅಂಗನವಾಡಿ ನೋಡಿಕೊಳ್ಳೂ ಆಫೀಸು ಅಂತ ನಮಗ ಗೊತ್ತಿರತೈತಿ. ನಮ್ಮ ರಾಜ್ಯದಾಗ ಈ ಕಾಯ್ದಿಗೆ ಸಂರಕ್ಷಣಾಧಿಕಾರಿ ಅಂದ್ರ ಅವರ. ಅವರು ವರದಿ ಬರದು ಮ್ಯಾಜಿಸ್ಟ್ರೇಟರಿಗೆ ಕಳಸತಾರ. ಗಂಡನ ಊರಿಗೆ ಹೋಗಿ ಹಾಕಬೇಕಂತಿಲ್ಲ, ನೀವು ಈಗ ಎಲ್ಲಿ ಇದ್ದೀರಿ, ತಾತ್ಪೂರ್ತಿ ಇದ್ರೂ, ಅಲ್ಲೇ ನಡೀತೈತಿ. ಹೊಡತಕ್ಕ ತಡೆ, ಇರಾಕ ಮನಿ, ಖರ್ಚಿಗೆ ರೊಕ್ಕ, ಮಕ್ಕಳು, ಎಲ್ಲಾ ಒಂದ ಅರ್ಜ್ಯಾಗ ಕೇಳಬಹುದು. 125 ಅಂತ ಎಲ್ಲಾರೂ ಅಂತಿದ್ದ ಪೋಟಗಿ ಕಲಮು 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತಾದಾಗ 144 ಆಗೇತಿ. ಮಂದಿ ಇನ್ನೂ 125 ಅಂತಾರ, ಗಾಬರಿ ಆಗಬ್ಯಾಡ್ರಿ.

ಪೋಟಗಿ ಕೇಸಿನ್ಯಾಗ ಇಬ್ಬರೂ ತಮ್ಮ ಆಸ್ತಿ-ಆದಾಯದ ಪ್ರಮಾಣಪತ್ರ ಕೊಡಬೇಕು ಅಂತ 2020ರಾಗ ಸುಪ್ರೀಂ ಕೋರ್ಟ್ ಹೇಳೇತಿ. ಅಂವ "ಕೂಲಿ ಮಾಡತೀನ್ರಿ, ಏನೂ ಇಲ್ಲರಿ" ಅಂತಾನ, ಅದು ಮೊದಲ ತಿಳಕೊಂಡಿರ್ರಿ. ಅಂವನ ಮನ್ಯಾಗ ಇದ್ದಾಗ ಕಂಡದ್ದು ಈಗ ಕೆಲಸಕ್ಕ ಬರತೈತಿ. ಕಬ್ಬು ಯಾವ ಫ್ಯಾಕ್ಟರಿಗೆ ಹೋಗತಿತ್ತು, ಬಿಲ್ಲು ಯಾವ ಬ್ಯಾಂಕಿಗೆ ಬರತಿತ್ತು, ಟ್ರ್ಯಾಕ್ಟರ ಯಾರ ಹೆಸರಿಗೆ, ಎಮ್ಮಿ ಎಷ್ಟು, ಡೇರಿಗೆ ಹಾಲು ಎಷ್ಟು, ಹೊಲದ ಸರ್ವೆ ನಂಬರ. ಪಹಣಿ ಯಾರು ಬೇಕಾದ್ರೂ ತಗಸಬಹುದು. ನಿಮ್ಮ ಹೊಲಿಗಿ ಆದಾಯ ಮುಚ್ಚಿಡಬ್ಯಾಡ್ರಿ. ನಾಲ್ಕು ಕಾಸು ದುಡೀತಾಳ ಅಂತ ಪೋಟಗಿ ತಪ್ಪೂದಿಲ್ಲ, ಸುಳ್ಳು ಸಿಕ್ಕಿತಂದ್ರ ಉಳದದ್ದೆಲ್ಲಾ ಸುಳ್ಳು ಅಂತ ತಗೀತಾರ.

ಅರ್ಜಿ ಇಂಗ್ಲಿಷಿನ್ಯಾಗ ಇದ್ರ ಕನ್ನಡದಾಗ ಓದಿ ಹೇಳ್ರಿ ಅನ್ರಿ. ವಕೀಲರು ಗಡಿಬಿಡ್ಯಾಗ ಇರತಾರ, "ಎಲ್ಲಾ ಹಾಕೇನವಾ, ಸಹಿ ಮಾಡು" ಅಂತಾರ. ನೋಟ್‌ಬುಕ್ಕು ತಗದು ಒಂದೊಂದ ಕೇಳ್ರಿ: ಪಂಚಮಿದು ಬಂತೇನ್ರಿ? ಅಳತಿ ತಗೊಳ್ಳದ ಹೊಲಿದ ಜಂಪರ ಮೈಗೆ ಹತ್ತೂದಿಲ್ಲ, ಇದೂ ಹಂಗ.

2023ರ ಜೂನ್ 11ರಿಂದ ಸಾದಾ ಬಸ್ಸಿನ್ಯಾಗ ಹೆಣ್ಣಮಕ್ಕಳಿಗೆ ಟಿಕೀಟಿನ ರೊಕ್ಕ ಇಲ್ಲ. ಇದನ್ನ ನಾನು ಸುಮ್ಮನ ಹೇಳತಿಲ್ಲ. ತಾರೀಖಿಗೆ ಹೋಗಿಬರೂ ಖರ್ಚಿಗೆ ಅಣ್ಣನ ಮುಂದ ಕೈ ಒಡ್ಡಬೇಕಾಗಿತ್ತು, ಅಂವ "ಈ ಸಲ ಹೋಗದಿದ್ರ ಏನಾಗತೈತಿ" ಅಂತಿದ್ದ. ಈಗ ಆ ಮಾತಿಗೆ ಜಾಗಾ ಇಲ್ಲ.

ತವರಮನಿ

ಹೊಳ್ಳಿ ಬಂದ ಮಗಳಿಗ ತವರಿನ್ಯಾಗ ಊಟ ಸಿಗತೈತಿ, ಪಡಸಾಲ್ಯಾಗ ಒಂದು ಮೂಲಿ ಸಿಗತೈತಿ, ಒಂದಿನ ಒಂದು ಕಾಗದಾನೂ ಬರತೈತಿ. ಹಕ್ಕುಬಿಡುಗಡೆ ಪತ್ರ. "ಅರಿಷಿಣ-ಕುಂಕುಮಕ್ಕ ಅಂತ ಇಷ್ಟು ಕೊಡತೀವಿ, ಸಹಿ ಮಾಡಿಬಿಡು, ನಿನ್ನ ನಾವ ನೋಡ್ಕೋತೀವಲ್ಲಾ." ನಮ್ಮ ಮನ್ಯಾಗ ಹೊಲ ಇರಲಿಲ್ಲ, ಮಗ್ಗದ ಮನಿ ಇತ್ತು, ಅದಕ್ಕೂ ಬಂತು. ಹಿರೇರ ಆಸ್ತ್ಯಾಗ ಕರ್ನಾಟಕದಾಗ 1994ರಾಗ (ಆಗಿನ್ನೂ ಮದುವಿ ಆಗಿರದ ಹೆಣ್ಣಮಕ್ಕಳಿಗೆ), ದೇಶಕ್ಕೆಲ್ಲಾ 2005ರಾಗ ಮಗಳಿಗೂ ಮಗನಷ್ಟ ಹಕ್ಕು ಬಂದೈತಿ. ಅಪ್ಪ 2005ಕ್ಕಿಂತ ಮೊದಲ ತೀರಿದ್ರೂ ಮಗಳ ಹಕ್ಕು ಹೋಗೂದಿಲ್ಲ ಅಂತ 2020ರಾಗ ಸುಪ್ರೀಂ ಕೋರ್ಟ್ ಹೇಳೇತಿ, ಮೊದಲ ಪಾಲು ಆಗಿ ಮುಗದಿದ್ರ ಮಾತು ಬ್ಯಾರೆ. ಕೇಸು ಹಾಕ್ರಿ ಅಂತ ನಾನು ಹೇಳೂದಿಲ್ಲ. ಕೇಸು ನಡದಿರೂ ವರ್ಷದಾಗ, ಮನಸ್ಸು ಒಡದಿರೂ ವರ್ಷದಾಗ ಸಹಿ ಮಾಡಬ್ಯಾಡ್ರಿ ಅಂತೀನಿ. "ವಕೀಲರಿಗೆ ತೋರಸ್ತೀನಿ" ಅಂದ್ರ ಸಾಕು, ಕಾಗದ ಕಪಾಟಿಗೆ ಹೋಗತೈತಿ. ನಮ್ಮನ್ಯಾಗ ಇನ್ನೂ ಅಲ್ಲೇ ಐತಿ.

ಒಡಪು

ಕಾಗದ ಒಂದ ಹಾದಿಗೆ ಬಂದ್ರೂ ಬಾಯಿ ಬರಾಕ ತಡಾ ಆಗತೈತಿ. ಹೆಸರೇನು ಅಂದ್ರ ನನಗ ಎಷ್ಟೋ ದಿನ ಮೂರೂ ಒಮ್ಮೆಲೆ ನಾಲಿಗಿಗೆ ಬರತಿದ್ದವು. ಅದಕ್ಕ ನಾನು ಹುಡುಕಿಕೊಂಡ ಹಾದಿ ಒಡಪು.

ಲಗ್ನದಾಗ, ಸೀಮಂತದಾಗ, ಉಡಿ ತುಂಬಾಗ ಹೆಂಗಸರನ್ನ ಹೊಸ್ತಲದಾಗ ನಿಲ್ಲಿಸಿ "ಒಡಪ ಹಾಕಿ ಗಂಡನ ಹೆಸರ ಹೇಳು" ಅಂತಾರ. ಎರಡು ಮದುವ್ಯಾಗೂ ನನ್ನನ್ನ ನಿಲ್ಲಿಸ್ಯಾರ. ಒಡಪು ನನಗ ಭಾಳ ಬರತಾವ, ಎಲ್ಲದರ ಕಡೀಕ ಯಾರೋ ರಾಯರು ಇರತಾರ. ಒಂದಿನ ಮಷೀನ ತುಳಕೋತ ನಾನ ಒಂದು ಕಟ್ಟಿದೆ:

ಎಳಿ ಎಳಿ ಕೂಡಿಸಿ ನೇಯ್ದದ್ದು ಖಣ,
ಹೊಲಿದ ಜಂಪರಿಗೆ ಬಂದದ್ದು ಹಣ,
ಕೂಡಿಟ್ಟ ಹಣಕ್ಕ ಬಂದದ್ದು ಮಷೀನ,
ಹೆಸರ ಕೇಳಿದ್ರ ಹೇಳತೀನಿ, ಗುಳೇದಗುಡ್ಡದ ಶಾಂತವ್ವ ನಾ.

ನೀವೂ ಒಂದು ಕಟ್ಟರಿ. ಮೊದಲಿನ ಎರಡು ಸಾಲಿನ್ಯಾಗ ನಿಮ್ಮ ಕೈಗೆ ಬರೂ ಕೆಲಸ, ಮೂರನೇದರಾಗ ನೀವು ಗಳಿಸಿದ್ದು, ಕಡೀಕ ಹೆಸರು. ಮಗ್ಗಲ ಮನಿ ಸೀಮಂತದಾಗ ನಾನು ಇದನ್ನ ಹಾಕಿದಾಗ ಹಿರೇ ಹೆಂಗಸೊಬ್ಬಾಕಿ "ಇದೆಂಥಾ ಒಡಪ, ಗಂಡಸರ ಇಲ್ಲ ಇದರಾಗ" ಅಂದಳು. ಸಣ್ಣ ಹುಡುಗ್ಯಾರು ಮತ್ತೊಮ್ಮೆ ಹಾಕಸಿದ್ರು. ಕೋರ್ಟಿನ್ಯಾಗ ಹೆಸರ ಕೂಗಿದಾಗ ಎದ್ದು ನಿಲ್ಲೂ ಮೊದಲ ಮನಸ್ಸಿನ್ಯಾಗ ಇದನ್ನ ಅಂದುಕೊಂಡ್ರ ದನಿ ನಡಗೂದಿಲ್ಲ, ಮಾಡಿ ನೋಡ್ರಿ.

ಮತ್ತ ಮದುವಿ?

ಕೇಳೇ ಕೇಳತಾರ. ಒಂಟಿಯಾಗಿ ಇರಾಕ ಲೆಕ್ಕ ಹಾಕೂ ಬಡವರಿಗೆ ಮನಸ್ವಿನಿ ಪಿಂಚಣಿ ಐತಿ, 40ರಿಂದ 64 ವಯಸ್ಸಿನ, ಮದುವಿ ಆಗದ ಇಲ್ಲಾ ವಿಚ್ಛೇದನ ಆದ ಹೆಣ್ಣಮಕ್ಕಳಿಗೆ. ನಾಡಕಚೇರ್ಯಾಗ ಅರ್ಜಿ. ಮದುವಿ ಆಗೂ ಮನಸ್ಸಿದ್ರ ಅದೂ ತಪ್ಪಲ್ಲ, ಆದ್ರ ಈ ಸಲ ಕುಂಡಲಿಗಿಂತ ಮೊದಲ ಕಾಗದ ಕೂಡಸ್ರಿ. ನಿಮ್ಮ ಡಿಕ್ರಿಯ ದೃಢೀಕರಿಸಿದ ನಕಲು, ಅಂವಂದೂ ಒಂದು, ಹೆಂಡತಿ ತೀರಿದ್ರ ಮರಣ ಪತ್ರ. ಡಿಕ್ರಿ ಆದ ಮ್ಯಾಲ ಮೇಲ್ಮನವಿ ಅವಧಿ ಮುಗಿಯೂತನಕ ಲಗ್ನದ ತಾರೀಖು ಹಿಡೀಬ್ಯಾಡ್ರಿ. ಲಗ್ನ ಆದಕೂಡಲೇ ಸಬ್ ರಜಿಸ್ಟ್ರಾರ ಆಫೀಸಿನ್ಯಾಗ ನೋಂದಣಿ, ಅರ್ಜ್ಯಾಗ ನಿಮ್ಮ ಸಾಲಿ ಹೆಸರ. ಬ್ಯಾಂಕು, ಸಿಮ್ ಹಳೇವ ಇರಲಿ. ಅಂವ ಡಿಕ್ರಿ ನಕಲು ತೋರಸಾಕ "ನಾಳೆ, ನಾಡದು" ಅಂತ ತಡಾ ಮಾಡಿದ್ರ ಮಾತುಕತಿ ಅಲ್ಲಿಗೇ ನಿಲ್ಲಸ್ರಿ. ಬಂದವರಿಗೆ ಚಾ ಕುಡಿಸಿ ಕಳಸ್ರಿ, ಬಾಂಡ್ ಪೇಪರ ತಂದಿದ್ರ ಅದನ್ನೂ ಅವರ ಕೈಯಾಗ ಕೊಟ್ಟ ಕಳಸ್ರಿ.